ಒಂದು ಜೊತೆ ಮೊಣಕೈ ಪ್ಯಾಡು

“ಮಡಿಸು, ಚಾಚು, ಈಗ ಒದರು ತಾಯಿ” ಅಂದರು ಆಟದ ಸಾಮಾನಿನ ಅಂಗಡಿಯ ಚನ್ನಬಸವಯ್ಯ.

ಶೋಭಿತಾ ಬಲಗೈ ಮಡಿಸಿದಳು, ಚಾಚಿದಳು, ಒದರಿದಳು. ಮೊಣಕೈಗೆ ಏರಿಸಿಕೊಂಡಿದ್ದ ಪ್ಯಾಡು ಎರಡನೇ ಸಲಕ್ಕೆ ಸಡಿಲವಾಗಿ, ನಾಲ್ಕನೇ ಸಲಕ್ಕೆ ಮಣಿಕಟ್ಟಿಗಿಳಿದು ದೊಡ್ಡ ಬಳೆಯ ಹಾಗೆ ತೂಗಾಡಿತು. ಅದು ವಾಲಿಬಾಲ್ ಆಡುವವರದು, ಬಟ್ಟೆಯ ತೋಳಿನೊಳಗೆ ತೆಳ್ಳನೆ ಸ್ಪಂಜು. ಪಕ್ಕದಲ್ಲಿ ಗಾಜಿನ ಮೇಲಿದ್ದದ್ದು ಕ್ರಿಕೆಟ್ಟಿನದು. ಬ್ಯಾಟು ಹಿಡಿದವನಿಗೆ ಬಾಲು ಬಡಿಯುವುದು ಒಂದೇ ಕೈಗೆ, ಹಾಗಾಗಿ ಅದು ಜೊತೆಯಾಗಿ ಬರುವುದೇ ಇಲ್ಲವಂತೆ. ಮೂರನೆಯದು ಸ್ಕೇಟಿಂಗ್ ಪ್ಯಾಡು. ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ದಪ್ಪ ಸ್ಪಂಜು, ಮೇಲೆ ಕೆಳಗೆ ಎರಡು ಪಟ್ಟಿ. ನೋಡಲು ಬೇಕಾದ ಹಾಗೇ ಇತ್ತು. ಆದರೆ ಹಾಸನದಲ್ಲಿ ಸ್ಕೇಟಿಂಗ್ ಕಲಿಯುವವರೆಲ್ಲ ಹತ್ತು ವರ್ಷದೊಳಗಿನ ಮಕ್ಕಳು. ಪಟ್ಟಿ ಶೋಭಿತಾಳ ತೋಳನ್ನು ಮುಕ್ಕಾಲು ಸುತ್ತಿ ಅಲ್ಲಿಗೇ ನಿಂತುಬಿಟ್ಟಿತು.

ಎರಡು ಸಾವಿರದ ಆರನೇ ಇಸವಿಯ ಡಿಸೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಮಾರನೆಯ ಬೆಳಿಗ್ಗೆ ಕಟ್ಟಾಯದ ಗುಡ್ಡದಲ್ಲಿ ಜಿಲ್ಲೆಯ ಮೌಂಟನ್ ಸೈಕಲ್ ಸ್ಪರ್ಧೆ. ಹುಡುಗಿಯರಲ್ಲಿ ಮೊದಲ ಇಬ್ಬರನ್ನು ರಾಜ್ಯದ ಕ್ಯಾಂಪಿಗೆ ಆರಿಸುತ್ತಾರೆ, ಅವರು ಸೋಮವಾರ ಬೆಳಗಿನ ಆರಕ್ಕೇ ಹೊರಡಬೇಕು. ಕ್ಯಾಂಪಿನ ಸರ್ಟಿಫಿಕೇಟು ಕೈಯಲ್ಲಿದ್ದರೆ ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಸೀಟು ಸಿಕ್ಕ ಹಾಗೇ. ಪಿ.ಟಿ. ಮೇಡಮ್ ಆಗಬೇಕು ಅನ್ನುವುದು ಶೋಭಿತಾಳಿಗೆ ಏಳನೇ ಕ್ಲಾಸಿನಿಂದ ಹಿಡಿದ ಹುಚ್ಚು. ಸೈಕಲ್ಲು, ಹೆಲ್ಮೆಟ್ಟು, ಮಂಡಿಯ ಪ್ಯಾಡು ಎಲ್ಲ ಸಂಘದವರೇ ಕೊಟ್ಟಿದ್ದರು. ಮೊಣಕೈಯದು ಮಾತ್ರ ನಿಮ್ಮದೇ ತನ್ನಿ, ಇಲ್ಲದವರನ್ನು ಸ್ಪರ್ಧೆಯ ಗೆರೆಯ ಮೇಲೂ ನಿಲ್ಲಿಸುವುದಿಲ್ಲ, ಕ್ಯಾಂಪಿಗೂ ಸೇರಿಸುವುದಿಲ್ಲ ಎಂಬ ಚೀಟಿ ಆ ಬೆಳಿಗ್ಗೆಯಷ್ಟೇ ಬಂದಿತ್ತು. ತರಬೇತಿ ಕೊಡುವ ನಂಜಪ್ಪ ಮೇಷ್ಟ್ರು ಅದನ್ನು ಓದಿ ಹೇಳಿ, ಆರಿಸುವುದು ಹೇಗೆ ಅಂತಲೂ ಹೇಳಿಕೊಟ್ಟಿದ್ದರು: ಹತ್ತು ಸಲ ಒದರಿದರೂ ಜಾರಬಾರದು, ಬೆರಳು ಜುಮ್ಮೆನ್ನಬಾರದು, ಚಿಪ್ಪು ಸರಿಯಾಗಿ ಮೂಳೆಯ ತುದಿಯ ಮೇಲೇ ಕೂರಬೇಕು.

ಚನ್ನಬಸವಯ್ಯ ಸುಳ್ಳು ಹೇಳಿ ಮಾರುವ ಪೈಕಿಯಲ್ಲ. ದೊಡ್ಡವರ ಅಳತೆಯದು ಬೆಂಗಳೂರಿನಿಂದ ಬರಬೇಕು, ಹದಿನೈದು ದಿನವಾದರೂ ಬೇಕು, ಒಂದು ದಿನದ ಮಟ್ಟಿಗೆ ಯಾರ ಹತ್ತಿರವಾದರೂ ಇಸಿದುಕೊಳ್ಳುವುದೇ ವಾಸಿ ಎಂದು ಹುಡುಗಿಯ ಅಪ್ಪನಿಗೆ ತಿಳಿಯಹೇಳಿದರು.

ಹುಡುಗಿಯ ಅಪ್ಪ ಮೋಹನ್‌ಕುಮಾರ್. ಅರಕಲಗೂಡಿನ ಒಂದು ಕಚೇರಿಯಲ್ಲಿ ಗುಮಾಸ್ತೆ; ಮಗಳ ಕಾಲೇಜಿಗೆಂದು ಹಾಸನದಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡುವವನು. ಇಸ್ತ್ರಿ ಮುರಿಯದ ಅಂಗಿ, ಮಿಂಚುವ ಚಪ್ಪಲಿ. ಇಸಿದುಕೊಳ್ಳುವ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಬಿಗಿಯಿತು.

ಶೋಭಿತಾ ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೊರಗೆ ಬಿಟ್ಟಳು. “ಅಪ್ಪ, ನನ್ ಜೊತೆ ಸೈಕಲ್ ತುಳ್ಯೋ ಸಂಹಿತಾ ಅವ್ಳ ಹಳೇದು ಕೊಡ್ತೀನಿ ಅಂದವ್ಳೆ. ಹಾಕ್ಕಂಡ್ ನೋಡ್ದೆ. ನಂಗೆ ಅಳ್ತೆ ಹೊಡ್ದಂಗೆ ಕೂತ್ಕತ್ತದೆ.”

“ನಮ್ಗೆ ಯಾರ್ ಹಳೇದೂ ಬ್ಯಾಡ” ಅಂದ ಮೋಹನ್‌ಕುಮಾರ್.

ಆ ಮನೆಯಲ್ಲಿ ಅದು ಶೋಭಿತಾ ಹುಟ್ಟಿದಾಗಿನಿಂದ ಕೇಳಿದ ಮಾತು. ಕ್ಲಾಸಿನ ಮಕ್ಕಳೆಲ್ಲ ಅರ್ಧ ಬೆಲೆಗೆ ಹಳೇ ಪುಸ್ತಕ ಕೊಂಡರೆ ಅವಳಿಗೆ ಪ್ರತಿ ವರ್ಷವೂ ಅಂಟಿನ ವಾಸನೆಯ ಹೊಸ ಪುಸ್ತಕ. ನೆಂಟರ ಮಕ್ಕಳ ಫ್ರಾಕು ಸ್ವೆಟರು ಮನೆಗೆ ಬಂದರೆ ಬಂದ ಬ್ಯಾಗಿನಲ್ಲೇ ವಾಪಸ್ಸು. ಅವಳ ತಾಯಿ ಲಕ್ಷ್ಮಿದೇವಮ್ಮ, ಈ ಮನುಷ್ಯನಿಗೆ ನಲ್ಲಿಯ ನೀರೂ ಯಾರೂ ಮುಟ್ಟದ್ದೇ ಬೇಕು ಅಂತ ಅಕ್ಕಪಕ್ಕದವರೆದುರು ನಗುತ್ತಿದ್ದಳು. ನಗುತ್ತಿದ್ದಳು ನಿಜ, ಯಾಕೆಂದು ಅವಳಿಗೂ ಗೊತ್ತಿತ್ತು.

ಮೋಹನ್‌ಕುಮಾರನ ಅಪ್ಪ ಹುಚ್ಚಯ್ಯ ಕೊಣನೂರಿನಲ್ಲಿ ಮೇಲಿನ ಬೀದಿಯ ಮನೆಗಳ ಹಿತ್ತಿಲು ಗುಡಿಸುತ್ತಿದ್ದವನು. ಹಬ್ಬಕ್ಕೆ ಹಿತ್ತಿಲ ಬಾಗಿಲಿನಿಂದ ಹಳೇ ಬಟ್ಟೆ ಬಂದು ಬೀಳುತ್ತಿತ್ತು. ಕೈಗೆ ಕೊಡುತ್ತಿರಲಿಲ್ಲ, ಕಲ್ಲಿನ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಮೋಹನ ಐದನೇ ಕ್ಲಾಸಿನಲ್ಲಿದ್ದಾಗ ಹಾಗೆ ಬಂದ ಒಂದು ನೀಲಿ ಅಂಗಿಯನ್ನು ಖುಷಿಯಿಂದ ತೊಟ್ಟು ಸ್ಕೂಲಿಗೆ ಹೋದ. ಅಂಗಿ ಯಾರದಾಗಿತ್ತೋ ಆ ಹುಡುಗ ಅದೇ ಕ್ಲಾಸಿನಲ್ಲಿದ್ದ. ಅವನು ಎದ್ದು ಬಂದು, ಮೈ ತಾಗದ ಹಾಗೆ ಸ್ಕೇಲಿನ ತುದಿಯಿಂದ ಕಾಲರನ್ನು ಮಗುಚಿ, ಒಳಗಿದ್ದ ಅಗಸನ ಕಪ್ಪು ಗುರುತನ್ನು ಕ್ಲಾಸಿಗೆಲ್ಲ ತೋರಿಸಿದ. ಮೇಷ್ಟ್ರೂ ನಕ್ಕರು. ಮೋಹನ ಆ ಅಂಗಿಯನ್ನು ಕಾವೇರಿಗೆ ಎಸೆದು ಬರಿಮೈಯಲ್ಲಿ ಮನೆಗೆ ಬಂದು ಅಪ್ಪನ ಕೈಲಿ ಒದೆ ತಿಂದ. ಓದಿ, ಕೆಲಸ ಹಿಡಿದು, ಮೊದಲ ಸಂಬಳದಲ್ಲಿ ಮನೆಯವರಿಗೆಲ್ಲ ಹೊಸ ಬಟ್ಟೆ ತಂದ ದಿನ, ಇನ್ನು ಈ ಮನೆಯೊಳಗೆ ಇನ್ನೊಬ್ಬರು ಬಿಟ್ಟದ್ದು ಬರಕೂಡದು ಅಂದವನು ಇಪ್ಪತ್ತು ವರ್ಷದಿಂದ ಆ ಮಾತು ತಪ್ಪಿರಲಿಲ್ಲ.

ಅವನು ಸ್ಕೇಟಿಂಗ್ ಪ್ಯಾಡನ್ನೇ ತೆಗೆದುಕೊಂಡ. ಪಟ್ಟಿ ಸಾಲದಿದ್ದರೆ ಉದ್ದ ಮಾಡಿಸಿದರಾಯಿತು, ಅದೇನು ಮಹಾ ವಿದ್ಯೆಯೇ ಅಂದ. ಮನೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಹಾಕುವ ಸಣ್ಣಕ್ಕ ಲಂಗಕ್ಕೆ ಹಾಕುವ ಎಲಾಸ್ಟಿಕ್ ಕತ್ತರಿಸಿ ಪಟ್ಟಿಗೆ ಜೋಡಿಸಿಕೊಟ್ಟಳು. ಇದು ಲಂಗ ನಿಲ್ಲಿಸೋಕೆ ಸರಿ, ಗುಡ್ಡದಿಂದ ಬೀಳೋರಿಗೆ ನಾನು ಗ್ಯಾರಂಟಿ ಕೊಡಲಾರೆ ಅಂತ ಮುಂಚೆಯೇ ಹೇಳಿ ಕೈ ತೊಳೆದುಕೊಂಡಳು. ಅಂಗಳದಲ್ಲಿ ಶೋಭಿತಾ ಕಟ್ಟಿಕೊಂಡು ನೋಡಿದಳು. ಬಿಗಿಯಾಗಿ ಎಳೆದರೆ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿದವು. ಸ್ವಲ್ಪ ಬಿಟ್ಟರೆ ಚಿಪ್ಪು ಪಕ್ಕಕ್ಕೆ ತಿರುಗಿತು. ತೋಳಿನ ಕೆಂಪು ಬರೆಯನ್ನು ನೋಡಿ ಲಕ್ಷ್ಮಿದೇವಮ್ಮ ಗಂಡನ ಕಡೆ ತಿರುಗಿದಳು. ಒಂದು ದಿನದ ಮಟ್ಟಿಗೆ ತಾನೆ, ಅಭ್ಯಾಸವಾಗುತ್ತೆ ಅಂದ ಅವನು. ಮಗಳ ತೋಳಿನ ಬರೆ ಅವನಿಗೆ ಕಾಣಲಿಲ್ಲವೆಂದಲ್ಲ. ಕಂಡಿತು, ಅದಕ್ಕಿಂತ ದೊಡ್ಡ ಬರೆಯೊಂದು ಅವನಿಗೆ ಮೂವತ್ತೈದು ವರ್ಷದಿಂದ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಕಟ್ಟಾಯದ ಗುಡ್ಡದ ಬುಡದಲ್ಲಿ ಶಾಮಿಯಾನ ಎದ್ದಿತ್ತು. ಹುಡುಗಿಯರು ಒಟ್ಟು ಒಂಬತ್ತು ಜನ. ಸಂಹಿತಾಳ ಅಪ್ಪ ಆತ್ರೇಯ ಹಾಸನದ ಕಾಲೇಜೊಂದರಲ್ಲಿ ಪ್ರೊಫೆಸರು, ಸೈಕಲ್ ಸಂಘದ ಗೌರವಾಧ್ಯಕ್ಷ. ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತ ಓಡಾಡುತ್ತಿದ್ದ. ಅವನ ಹೆಂಡತಿ ರಂಜನಿ ಕಾರಿನ ಡಿಕ್ಕಿ ತೆರೆದು ಮಕ್ಕಳಿಗೆಲ್ಲ ಕಿತ್ತಳೆ ಹಂಚುತ್ತಿದ್ದಳು. ಕೆಟ್ಟ ಜನ ಅಂತ ಯಾರೂ ಅನ್ನುವ ಹಾಗಿರಲಿಲ್ಲ.

ಗೆರೆಯ ಹತ್ತಿರ ನಂಜಪ್ಪ ಮೇಷ್ಟ್ರು ಒಬ್ಬೊಬ್ಬರ ಪ್ಯಾಡನ್ನೂ ಹಿಡಿದು ಅಲ್ಲಾಡಿಸಿ ನೋಡುತ್ತ ಬಂದರು. ಶೋಭಿತಾಳದನ್ನು ಹಿಡಿದು ಒಂದು ಸಲ ತಿರುಗಿಸಿದರು. ಚಿಪ್ಪು ಸಲೀಸಾಗಿ ತೋಳಿನ ಒಳಬದಿಗೆ ಹೋಯಿತು. ಮೇಷ್ಟ್ರು ಅದನ್ನು ಅಲ್ಲಿಯೇ ಬಿಟ್ಟು, ಬೇಲಿಯಾಚೆ ನಿಂತಿದ್ದ ಮೋಹನ್‌ಕುಮಾರನನ್ನು ನೋಡಿದರು.

“ಬಿದ್ದಾಗ ಚಿಪ್ಪು ಒಂದ್ ಕಡೆ, ಮೂಳೆ ಒಂದ್ ಕಡೆ ಆಯ್ತದಲ್ಲ ಸಾ. ಇದ್ರಲ್ ನಾನ್ ಬಿಡಾಕಾಗಕಿಲ್ಲ. ಅತ್ತು ನಿಮಿಸ ಟೈಮದೆ, ಬ್ಯಾರೆ ಇದ್ರೆ ನೋಡಿ.”

ಬೇರೆ ಎಲ್ಲಿತ್ತು ಅನ್ನುವುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಯಾರೂ ಕರೆಯದೇ ಸಂಹಿತಾ ತನ್ನ ಬ್ಯಾಗಿನಿಂದ ಕಳೆದ ವರ್ಷದ ಪ್ಯಾಡುಗಳನ್ನು ತೆಗೆದು ತಂದು ಗೆಳತಿಯ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿ ಹೋದಳು. ಕಪ್ಪು ಬಣ್ಣದವು, ಬೆಂಗಳೂರಿನಲ್ಲಿ ಕೊಂಡವು. ಶೋಭಿತಾ ಅವನ್ನು ಮುಟ್ಟದೆ ಅಪ್ಪನ ಕಡೆ ನೋಡಿದಳು.

ಮೋಹನ್‌ಕುಮಾರ್ ಬೇಲಿ ದಾಟಿ ಬಂದ. ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡು, ದನಿ ತಗ್ಗಿಸಿ, “ಬ್ಯಾಡ ಕಣವ್ವ. ಬಾ, ಓಗನ. ಮುಂದಿನ್ ವರ್ಸ ಒಸಾದ್ ತಂದ್ಕೊಟ್ಟೇನು” ಅಂದ.

ಮುಂದಿನ ವರ್ಷ. ಎರಡು ವರ್ಷದಿಂದ ಬೆಳಗಿನ ಐದಕ್ಕೆ ಎದ್ದು ಚನ್ನರಾಯಪಟ್ಟಣದ ರಸ್ತೆಯಲ್ಲಿ ಸೈಕಲ್ಲು ತುಳಿದವಳು ಅವಳು. ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

“ಬಿದ್ರೆ ಮುರಿಯೋದು ನನ್ ಕೈ ಕಣಪ್ಪ” ಅಂದಳು. “ನಿನ್ ಮರ್ಯಾದೆ ಅಲ್ಲ.”

ಅಂದವಳೇ ಅಪ್ಪ ಕೊಡಿಸಿದ ಪ್ಯಾಡುಗಳನ್ನು ಕಿತ್ತು ಅವನ ಕೈಗೆ ಕೊಟ್ಟು, ಕಪ್ಪು ಪ್ಯಾಡುಗಳನ್ನು ಏರಿಸಿಕೊಂಡಳು. ಮೇಷ್ಟ್ರು ಹಿಡಿದು ಎಳೆದು ನೋಡಿ, ಸರಿ ಅಂದರು. ಮೋಹನ್‌ಕುಮಾರ್ ಯಾರ ಮುಖವನ್ನೂ ನೋಡದೆ, ಜನರಿಲ್ಲದ ಕಡೆ ಅಂತ ಗುಡ್ಡದ ಇಳಿಜಾರಿನ ತಿರುವಿಗೆ ನಡೆದುಹೋಗಿ ಅಲ್ಲಿ ಒಂದು ಬಂಡೆಯ ಮೇಲೆ ಕೂತ. ಅವನಿಗೆ ಮಗಳ ಮೇಲೆ ಎಷ್ಟು ಕೋಪ ಬಂದಿತ್ತೆಂದರೆ, ಅವಳು ಗೆಲ್ಲದಿದ್ದರೂ ಸರಿಯೆ ಅನ್ನಿಸಿಬಿಟ್ಟಿತು. ತಂದೆಯಾದವನು ಅಂದುಕೊಳ್ಳುವ ಮಾತಲ್ಲ, ಆದರೂ ಅಂದುಕೊಂಡ.

ಗುಡ್ಡ ಸುತ್ತಿ ಇಳಿಯುವ ದಾರಿ ಆ ತಿರುವಿನಲ್ಲೇ ಹಾಯಬೇಕಿತ್ತು. ಕ್ವಾರಿಯ ಜಲ್ಲಿಪುಡಿ ಹರಡಿದ ಜಾಗ. ಮೊದಲು ಬಂದವಳು ಕಟ್ಟಾಯದ ಕಡೆಯ ಒಂದು ಹುಡುಗಿ, ಗಾಳಿಯ ಹಾಗೆ ಹೋದಳು. ಅವಳ ಹಿಂದೆ ಶೋಭಿತಾ. ತಿರುವಿಗೆ ಬಂದವಳ ಮುಂದಿನ ಗಾಲಿ ಜಲ್ಲಿಯಲ್ಲಿ ಜಾರಿತು. ಸೈಕಲ್ಲು ಒಂದು ಕಡೆ, ಇವಳು ಒಂದು ಕಡೆ. ಎಡ ಮೊಣಕೈ ಮೊದಲು ಬಂಡೆಗೆ ಬಡಿದು, ಆಮೇಲೆ ಮೈಯೆಲ್ಲ ಅದರ ಹಿಂದೆ ಎರಡು ಮಾರು ಎಳೆದುಕೊಂಡು ಹೋಯಿತು. ಪ್ಲಾಸ್ಟಿಕ್ಕು ಕಲ್ಲಿಗೆ ಉಜ್ಜಿದ ಸದ್ದು ಮೋಹನ್‌ಕುಮಾರನ ಹಲ್ಲಿನಲ್ಲಿ ಕೇಳಿಸಿತು. ಅವನು ಎದ್ದು ಓಡುವಷ್ಟರಲ್ಲಿ ಅವಳೇ ಎದ್ದು, ಎಡಗೈಯನ್ನು ಒಂದು ಸಲ ಮಡಿಸಿ ಚಾಚಿ, ಸೈಕಲ್ಲು ಎತ್ತಿ ಹತ್ತಿ ಹೊರಟುಬಿಟ್ಟಳು. ಅಪ್ಪ ಅಲ್ಲಿದ್ದದ್ದನ್ನು ಅವಳು ನೋಡಲೂ ಇಲ್ಲ.

ಅವನು ಬಂಡೆಯ ಹತ್ತಿರ ಹೋಗಿ ನೋಡಿದ. ಕಲ್ಲಿನ ಮೇಲೆ ಗೇಣುದ್ದ ಕಪ್ಪು ಗೀರು ಬಿದ್ದಿತ್ತು. ಆ ಗೀರು ಕೆಂಪಗಿರಬೇಕಿತ್ತು. ಅವನು ಹಟ ಮಾಡಿ ಕೊಡಿಸಿದ್ದೇ ಕೈಯಲ್ಲಿದ್ದಿದ್ದರೆ ಕೆಂಪಗೇ ಇರುತ್ತಿತ್ತು. ಮಗಳ ಮೇಲಿನ ಕೋಪ ಅಲ್ಲೇ ಇಳಿದುಹೋಯಿತು. ತನ್ನ ಮೇಲೆ ನಾಚಿಕೆಯಾಯಿತು. ಯಾವನೋ ಒಬ್ಬ ಯಾವ ಕಾಲದಲ್ಲೋ ಕಾಲರು ಮಗುಚಿದ ಅಂತ ತಾನು ಮಗಳ ಮೂಳೆ ಪಣಕ್ಕಿಡಲು ಹೊರಟಿದ್ದೆನಲ್ಲ ಅಂದುಕೊಂಡ. ಕಾಲ ಬದಲಾಗಿದೆ, ಬದಲಾಗದವನು ತಾನೇ ಇರಬೇಕು. ಶಾಮಿಯಾನಕ್ಕೆ ವಾಪಸ್ಸು ನಡೆಯುವಾಗ, ಆತ್ರೇಯ ದಂಪತಿಗಳಿಗೆ ಕೈ ಮುಗಿದು ಉಪಕಾರವಾಯ್ತು ಅಂತ ಹೇಳಬೇಕು ಎಂದು ನಿರ್ಧರಿಸಿಕೊಂಡ. ಮಾತನ್ನು ಮನಸ್ಸಿನಲ್ಲೇ ಎರಡು ಸಲ ಜೋಡಿಸಿಯೂ ನೋಡಿದ.

ಶೋಭಿತಾ ಎರಡನೆಯವಳಾಗಿ ಬಂದಿದ್ದಳು. ಸಂಹಿತಾ ನಾಲ್ಕನೆಯವಳು. ಪದಕ ಹಾಕುವಾಗ ಆತ್ರೇಯ ಮೈಕು ತೆಗೆದುಕೊಂಡ. ಕ್ರೀಡೆಗೆ ಜಾತಿ ಇಲ್ಲ, ಮತ ಇಲ್ಲ ಅನ್ನುವುದರಿಂದ ಶುರುವಾದ ಭಾಷಣ ಬೇಗನೆ ಮನೆಯ ಕಡೆ ತಿರುಗಿತು. ತನ್ನ ಮಗಳು ಈ ಸಲ ಗೆಲ್ಲಲಿಲ್ಲ, ಆದರೆ ಗೆದ್ದವಳ ಮೈಮೇಲೆ ತಮ್ಮ ಮನೆಯದೇ ಒಂದು ವಸ್ತು ಇದೆ, ಇವತ್ತು ಬೆಳಿಗ್ಗೆ ಪಾಪ ಈ ಹುಡುಗಿ ಪ್ಯಾಡಿಲ್ಲದೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು, ತಮ್ಮ ಅಟ್ಟದಲ್ಲಿ ಸುಮ್ಮನೆ ಬಿದ್ದಿದ್ದದ್ದು ಒಬ್ಬ ಬಡ ಹುಡುಗಿಯ ಬಾಳಿಗೆ ದಾರಿಯಾಯಿತಲ್ಲ, ಅದಕ್ಕಿಂತ ಯಾವ ಪದಕ ಬೇಕು ಅಂದ. ಹೇಳುತ್ತ ಹೇಳುತ್ತ ನಿಜವಾಗಿಯೂ ಬಂದ ಕಣ್ಣೀರನ್ನು ಒರೆಸಿಕೊಂಡ.

“ಕೈ ಮೇಲೆತ್ತಿ ತೋರಿಸಮ್ಮ ಎಲ್ಲರಿಗೂ” ಅಂದ.

ಶೋಭಿತಾ ಅರ್ಥವಾಗದವಳ ಹಾಗೆ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿತ್ತು. ಆತ್ರೇಯ ತಾನೇ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದ. ಗೀರು ಬಿದ್ದ ಕಪ್ಪು ಪ್ಯಾಡನ್ನು ಶಾಮಿಯಾನದ ಜನವೆಲ್ಲ ನೋಡಿ ಚಪ್ಪಾಳೆ ತಟ್ಟಿದರು. ಇವಳ ಅಪ್ಪ ಮೋಹನ ಇಲ್ಲೇ ಇರಬೇಕು, ಬಾರಯ್ಯ ಮೇಲಕ್ಕೆ ಅಂತ ಮೈಕಿನಲ್ಲೇ ಕರೆದ. ನಲವತ್ತೈದು ವರ್ಷದ ಮೋಹನ್‌ಕುಮಾರ್ ಹೋಗಿ ನಿಂತುಕೊಂಡ. ಫೋಟೊ ತೆಗೆದರು. ಆ ಫೋಟೊದಲ್ಲಿ ಅವನು ಕೈ ಮುಗಿದಿದ್ದಾನೆ; ಯಾವಾಗ ಮುಗಿದೆನೆಂದು ಅವನಿಗೆ ಕೊನೆಗೂ ನೆನಪಾಗಲಿಲ್ಲ.

ಅಷ್ಟಾದರೂ ಅವನು ಉಪಕಾರ ಹೇಳುವುದಕ್ಕೆ ಕಾರಿನ ಹತ್ತಿರ ಹೋದ. ಮನುಷ್ಯನಿಗೆ ಭಾಷಣದ ಚಪಲ, ಆದರೆ ಕೈ ಉಳಿಸಿದ್ದು ಅವರ ಪ್ಯಾಡೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಶೋಭಿತಾ ಅವನಿಗಿಂತ ಮುಂಚೆಯೇ ಅಲ್ಲಿದ್ದಳು. ರಂಜನಿ ಡಿಕ್ಕಿಗೆ ಸಾಮಾನು ತುಂಬುತ್ತಿದ್ದಳು. ಸಂಹಿತಾಳ ಗ್ಲೌಸು ಹಾಕಿಕೊಂಡು ಸೈಕಲ್ಲು ಓಡಿಸಿದ್ದ ಡಾಕ್ಟರೊಬ್ಬರ ಮಗಳು ಅದನ್ನು ತಂದುಕೊಟ್ಟಳು. ಕೆಸರು ಮೆತ್ತಿ, ಬೆವರಿನಲ್ಲಿ ನೆನೆದಿದ್ದ ಗ್ಲೌಸು. ಎಷ್ಟು ಕೊಳೆ ಮಾಡಿದೀಯೇ ಅಂತ ರಂಜನಿ ನಗುತ್ತಲೇ ಬೈದು, ಕಾರಿನ ಟೈರಿಗೆ ಬಡಿದು, ನೀರಿನ ಬಾಟಲಿಗಳಿದ್ದ ಬ್ಯಾಗಿನೊಳಗೇ ಇಟ್ಟಳು.

ಆಮೇಲೆ ಶೋಭಿತಾ ಪ್ಯಾಡುಗಳನ್ನು ಬಿಚ್ಚಿ ಮುಂದೆ ಹಿಡಿದಳು. ಅವಳಿಗೆ ಅವನ್ನು ಒಂದು ಗಳಿಗೆಯೂ ಇಟ್ಟುಕೊಳ್ಳುವುದು ಬೇಡವಾಗಿತ್ತು.

ರಂಜನಿಯ ಕೈ ಮುಂದೆ ಬರಲಿಲ್ಲ. “ಇರಲಿ ಬಿಡು ಪುಟ್ಟ” ಅಂದಳು, ಕಿತ್ತಳೆ ಕೊಡುವಾಗಿನಷ್ಟೇ ಮೆತ್ತಗೆ. “ನೀನು ಹಾಕ್ಕೊಂಡಾಯ್ತಲ್ಲ. ಇನ್ನು ನಮಗ್ಯಾಕೆ ಅದು.”

“ತೊಳ್ದು ಕೊಡ್ತೀನಿ ಆಂಟಿ” ಅಂದಳು ಶೋಭಿತಾ.

ತೊಳೆಯುವುದೇನೂ ಬೇಡ, ಬೇಡವಾದರೆ ನಿಮ್ಮವರಲ್ಲೇ ಯಾರಿಗಾದರೂ ಕೊಟ್ಟುಬಿಡು ಅಂತ ಹೇಳಿ ರಂಜನಿ ಡಿಕ್ಕಿ ಮುಚ್ಚಿದಳು. ಸಂಹಿತಾ “ಅಮ್ಮಾ” ಅಂದಳು. ಅಷ್ಟು ಅಂದು, ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕಾರು ಹೊರಡುವ ತನಕ ತಲೆ ಎತ್ತಲಿಲ್ಲ.

ಮೋಹನ್‌ಕುಮಾರ್ ನಾಲ್ಕು ಹೆಜ್ಜೆ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲಿಗೇ ಮುಗಿಯಿತು. ಶೋಭಿತಾ ತಿರುಗಿದವಳು ಅಪ್ಪನನ್ನು ಕಂಡಳು. ನಾನು ಹೇಳಿರಲಿಲ್ಲವೇ ಅಂತ ಅವನು ಅಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅನ್ನಲಿಲ್ಲ.

ಬಸ್ಸು ನಿಲ್ಲುವ ಜಾಗಕ್ಕೆ ಅರ್ಧ ಮೈಲಿ. ಅಪ್ಪ ಮುಂದೆ, ಮಗಳು ಹಿಂದೆ ನಡೆದರು. ಅರ್ಧ ದಾರಿಯಲ್ಲಿ ಶೋಭಿತಾ ನಿಂತು, ಕೈಲಿದ್ದ ಎರಡೂ ಪ್ಯಾಡುಗಳನ್ನು ಬೀಸಿ ರಸ್ತೆ ಬದಿಯ ಲಂಟಾನದ ಪೊದೆಗೆ ಎಸೆದಳು. ಕೊರಳಿನ ಪದಕವನ್ನೂ ಕಿತ್ತು ಎಸೆಯುತ್ತಿದ್ದಳೇನೋ, ಅದರ ದಾರ ಜಡೆಗೆ ಸಿಕ್ಕಿಕೊಂಡಿತ್ತು. ಈಗ ಅವಳಿಗೆ ಅಳು ಬಂತು. ಸ್ಕೂಲಿನಲ್ಲಿ ಯಾವುದೋ ಅಂಗಿಯ ವಿಷಯ ಅಂತ ಅಪ್ಪ ಹೇಳುವಾಗಲೆಲ್ಲ, ಇನ್ನೂ ಎಷ್ಟು ದಿನ ಅದನ್ನೇ ಹೇಳುತ್ತಾನೆ ಅಂತ ಮನಸ್ಸಿನಲ್ಲೇ ಬೇಜಾರು ಮಾಡಿಕೊಂಡಿದ್ದಳು ಅವಳು.

ಮೋಹನ್‌ಕುಮಾರ್ ವಾಪಸ್ಸು ಬಂದ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಚರಂಡಿ ದಾಟಿ ಪೊದೆಗೆ ಕೈ ಹಾಕಿದ. ಮುಳ್ಳು ತರಚಿ ಇಸ್ತ್ರಿ ಅಂಗಿಯ ತೋಳು ಹರಿಯಿತು. ಒಂದು ಬೇಗ ಸಿಕ್ಕಿತು. ಇನ್ನೊಂದಕ್ಕೆ ಮಂಡಿಯೂರಿ ತೆವಳಬೇಕಾಯಿತು.

“ಬ್ಯಾಡ ಕಣಪ್ಪ ಅದು” ಅಂದಳು ಶೋಭಿತಾ.

“ನಾಳಿಕ್ ಬೆಳಗ್ಗೆ ಆರ್ ಗಂಟ್ಗೆ ಓಗ್ಬೇಕು ನೀನು” ಅಂದ ಅವನು, ಪೊದೆಯೊಳಗಿಂದಲೇ. “ಇವತ್ ಬಾನ್ವಾರ. ಬ್ಯಾರೇದ್ ಎಲ್ ಸಿಕ್ತದವ್ವ.”

ಹಾಸನದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಅವನು ಕರ್ಚೀಫಿಗೆ ಬಾಟಲಿಯ ನೀರು ಹಾಕಿಕೊಂಡು ಪ್ಯಾಡುಗಳ ಮಣ್ಣು ಒರೆಸಿದ. ಚಿಪ್ಪಿನ ಗೀರಿನಲ್ಲಿ ಕೂತಿದ್ದ ಜಲ್ಲಿಪುಡಿಯನ್ನು ಉಗುರಿನಿಂದ ಒಂದೊಂದಾಗಿ ಕೆದಕಿ ತೆಗೆದ. ಒಳಗಿನ ಸ್ಪಂಜು ಬೆವರಿಗೆ ನೆಂದು ಮೆತ್ತಗಾಗಿತ್ತು. ಹೀಗೇ ಬ್ಯಾಗಿಗೆ ತುಂಬಿದರೆ ಬೆಳಿಗ್ಗೆಗೆ ಒಣಗುವುದಿಲ್ಲ ಅಂತ, ಪಟ್ಟಿಗಳನ್ನು ಬಿಚ್ಚಿ ಎರಡನ್ನೂ ಕಿಟಕಿಯ ಸರಳಿಗೆ ಸುತ್ತಿ ಕಟ್ಟಿದ. ಮಗಳು ಆಚೆ ಮುಖ ಮಾಡಿ ಕೂತಿದ್ದಳು. ಬಸ್ಸು ಹಳ್ಳಕ್ಕಿಳಿದಾಗಲೆಲ್ಲ ಪ್ಯಾಡುಗಳು ಸರಳಿಗೆ ಬಡಿಯುತ್ತಿದ್ದವು. ಬಿಚ್ಚಿಕೊಂಡು ಬಿದ್ದುಹೋದಾವು ಅಂತ ಮೋಹನ್‌ಕುಮಾರ್ ಹಾಸನ ಬರುವ ತನಕ ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.